ಕಲ್ಲಿನೊಳಗಿನ ಬೀಜ (ಭಾಗ 3)

1865ರಲ್ಲಿ ಮದ್ದೂರಿನಲ್ಲಿ, 1866ರಲ್ಲಿ ಉಡುಪಿಯಲ್ಲಿ ಉಲ್ಕಾಶಿಲೆ ಬಿದ್ದ ಕಥೆ ಹೋದ ಸಲ ಹೇಳಿದ್ದೆ. ‘ಅದ್ರಲ್ಲಿ ಜೀವದ ಗುರುತು ಇತ್ತಾ?’ ಅಂತ ಕೇಳಿದ್ರಿ. ಇಲ್ಲ. ಎರಡೂ ಸಾಮಾನ್ಯ ಜಾತಿಯ ಕಲ್ಲು, ಇಂಗಾಲ ತೀರಾ ಕಡಿಮೆ.

ಇಂಗಾಲ ತುಂಬಿದ ಕಪ್ಪು ಕಲ್ಲು ಬಿದ್ದದ್ದು 1864ರ ಮೇ 14ಕ್ಕೆ, ಫ್ರಾನ್ಸಿನ ಓರ್ಗೆಯ್ ಅನ್ನೋ ಊರಲ್ಲಿ. ನೀರು ತಾಗಿದ್ರೆ ಕರಗಿ ಕೆಸರಾಗುವಂಥ ಕಲ್ಲು ಅದು. ನಮ್ಮ ಕರಿಕೆಯ ಜೂನ್ ಮಳೆಗೆ ಬಿದ್ದಿದ್ರೆ ಬೆಳಗಾಗುವಷ್ಟರಲ್ಲಿ ತೋಟದ ಮಣ್ಣೇ ಆಗಿರ್ತಿತ್ತು! ಕ್ಲೊಯೆಜ್ ಎಂಬ ರಸಾಯನಶಾಸ್ತ್ರಜ್ಞ ಅದೇ ವರ್ಷ ಪರೀಕ್ಷೆ ಮಾಡಿ, ಕೊಳೆತ ಸಸ್ಯಗಳಲ್ಲಿ ಸಿಗುವಂಥ ಸಾವಯವ ವಸ್ತು ಇದರಲ್ಲಿದೆ ಅಂದ.

ಅಂದ್ರೆ ಆಕಾಶದಲ್ಲಿ ಗಿಡ ಇತ್ತಾ? ಸುಮಾರು ನೂರು ವರ್ಷದ ಮೇಲೆ ಅಮೆರಿಕದ ಎಡ್ವರ್ಡ್ ಆಂಡರ್ಸ್ ತಂಡ, ಗಾಜಿನ ಜಾಡಿಯಲ್ಲಿ ಮುಚ್ಚಿಟ್ಟಿದ್ದ ಒಂದು ತುಂಡನ್ನು ತೆಗೆದು ನೋಡಿತು. ಒಳಗೆ ನಿಜವಾಗ್ಲೂ ಬೀಜ ಇತ್ತು! ಜೊತೆಗೆ ಕಲ್ಲಿದ್ದಲಿನ ಚೂರು. ಮತ್ತೆ ಅಂಟು. ಯಾರೋ ಕಲ್ಲನ್ನು ನೆನೆಸಿ, ಬೀಜ ತುರುಕಿ, ಮೇಲೆ ಅಂಟು ಬಳಿದು ಸುಟ್ಟ ಸಿಪ್ಪೆ ಥರ ಮಾಡಿದ್ದರು. 1964ರಲ್ಲಿ ಇದು ಪ್ರಕಟ ಆಯ್ತು. ಮಾಡಿದ್ದು ಯಾರು ಅಂತ ಇವತ್ತಿಗೂ ಗೊತ್ತಿಲ್ಲ. (ತಮಾಷೆ ಮಾಡಿದವನಿಗೆ ನಗೋ ಅವಕಾಶವೇ ಸಿಗಲಿಲ್ಲ, ಪಾಪ.)

ಅಲ್ಲಿಂದ ಮುಂದೆ ಎಲ್ಲರ ಪ್ರಶ್ನೆ ಒಂದೇ: ಸಿಕ್ಕಿದ್ದು ಆಕಾಶದ್ದಾ, ನಮ್ಮ ಕೈಯ ಕೊಳೆಯಾ?

1969ರ ಸೆಪ್ಟೆಂಬರ್ 28ರಂದು ಆಸ್ಟ್ರೇಲಿಯಾದ ಮರ್ಚಿಸನ್‌ನಲ್ಲಿ ಇಂಥದ್ದೇ ಕಲ್ಲು ಬಿತ್ತು. ಚಂದ್ರನ ಮಣ್ಣಿಗಾಗಿ ಸಜ್ಜಾಗಿದ್ದ ನಾಸಾ ಲ್ಯಾಬ್‌ನಲ್ಲಿ ಶ್ರೀಲಂಕಾ ಮೂಲದ ಸಿರಿಲ್ ಪೊನ್ನಂಪೆರುಮ ಅವರ ತಂಡ ಅದರಲ್ಲಿ ಅಮಿನೋ ಆಮ್ಲ ಕಂಡಿತು. ಅಮಿನೋ ಆಮ್ಲಕ್ಕೆ ನಮ್ಮ ಕೈಗಳ ಹಾಗೆ ಎಡ, ಬಲ ಎರಡು ರೂಪ. ಭೂಮಿಯ ಜೀವಿಗಳ ಪ್ರೋಟೀನ್‌ನಲ್ಲಿ ಎಡದ್ದು ಮಾತ್ರ. ಕಲ್ಲಿನಲ್ಲಿ ಎರಡೂ ಹೆಚ್ಚುಕಡಿಮೆ ಸಮ ಇತ್ತು. ಹಾಗಾಗಿ ಕೈಯ ಕೊಳೆ ಅಲ್ಲ.

ಸ್ಟಾರ್‌ಡಸ್ಟ್ ನೌಕೆ 2004ರಲ್ಲಿ ವಿಲ್ಟ್ 2 ಧೂಮಕೇತುವಿನ ಧೂಳು ಹಿಡಿದು, 2006ರ ಜನವರಿಯಲ್ಲಿ ಭೂಮಿಗೆ ತಂತು. ಸಿಕ್ಕಿದ್ದು ಗ್ಲೈಸಿನ್. ಆದ್ರೆ ಗ್ಲೈಸಿನ್‌ಗೆ ಎಡ-ಬಲ ಇಲ್ಲ! ಮೇಲಿಂದ, ಸ್ಯಾಂಪಲ್ ಇಟ್ಟಿದ್ದ ನೈಲಾನ್ ಚೀಲದಿಂದಲೂ ಅಮಿನೋ ಆಮ್ಲ ಅಂಟಿತ್ತು. ಬಿಕಾಂನಲ್ಲಿ ನಾವು ಲೆಕ್ಕಕ್ಕೆ ವೋಚರ್ ಕೇಳ್ತೀವಲ್ಲ, ಹಾಗೆ ಅವರು ಕಾರ್ಬನ್-13 ನೋಡಿದ್ರು. ಭೂಮಿಯ ಗ್ಲೈಸಿನ್‌ಗಿಂತ ಅದು ಜಾಸ್ತಿ ಇತ್ತು. 2009ರಲ್ಲಿ ಘೋಷಿಸಿದ್ರು: ಧೂಮಕೇತುವಿನದ್ದೇ. ಮೂರು ವರ್ಷ ಬೇಕಾಯ್ತು ಅಷ್ಟು ಹೇಳೋಕೆ.

ರೊಸೆಟ್ಟಾ ಅಂತೂ ಏನನ್ನೂ ತರಲೇ ಇಲ್ಲ, 67ಪಿ ಧೂಮಕೇತುವಿನ ಪಕ್ಕದಲ್ಲೇ ಅದರ ಅನಿಲ ಪರೀಕ್ಷಿಸಿ ಗ್ಲೈಸಿನ್ ಪತ್ತೆ ಮಾಡಿತು. ಬೆನ್ನು ಕ್ಷುದ್ರಗ್ರಹದ ಮಣ್ಣಿನ ಕಥೆ ಮುಂದಿನ ಭಾಗದಲ್ಲಿ.