ರ್‍ಯಾಮ್ ಬದಲಿಸಿದ ಮೇಲೆ ಡಿಸ್‌ಪ್ಲೇ ಬರುತ್ತಿಲ್ಲವೇ? ‘ಬೋರ್ಡ್ ಹೋಗಿದೆ’ ಎಂದು ನಂಬುವ ಮುನ್ನ ಇದನ್ನು ಓದಿ

ಕಂಪ್ಯೂಟರ್‌ನ ಫ್ಯಾನ್ ತಿರುಗುತ್ತಿದ್ದು ಪರದೆ ಮಾತ್ರ ಕಪ್ಪಾಗಿದ್ದರೆ ಮದರ್‌ಬೋರ್ಡ್ ಸುಟ್ಟಿದೆ ಎಂದೇ ಅರ್ಥ, ಇಲ್ಲವಾದರೆ ರ್‍ಯಾಮ್ ತೆಗೆದು ರಬ್ಬರ್‌ನಿಂದ ಉಜ್ಜಿದರೆ ಸರಿಹೋಗುತ್ತದೆ. ಇಂಥ ಸಲಹೆಗಳು ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಆಗಾಗ ಬರುತ್ತಿರುತ್ತವೆ. ಮೊದಲನೆಯದು ತಪ್ಪು, ಎರಡನೆಯದು ಅರ್ಧ ಸತ್ಯ. ನಿನ್ನೆಯವರೆಗೆ ಚೆನ್ನಾಗಿದ್ದ ಯಂತ್ರ ಹೊಸ ಭಾಗ ಹಾಕಿದ ಕೂಡಲೇ ಪರದೆ ತೋರಿಸದಿದ್ದರೆ, ಮೊದಲು ಅನುಮಾನಿಸಬೇಕಾದದ್ದು ಬೋರ್ಡನ್ನಲ್ಲ, ಆ ಬದಲಾವಣೆಯನ್ನು. ಇದು ಗೊತ್ತಿಲ್ಲದೆ ಸಾವಿರಾರು ರೂಪಾಯಿ ಕೊಟ್ಟು ಚೆನ್ನಾಗಿರುವ ಬೋರ್ಡನ್ನೇ ಬದಲಿಸಿಬಿಡಬಹುದು.

ಅಂಗಡಿಯಲ್ಲಿ ಬಂತು, ಮನೆಯಲ್ಲಿ ಏಕೆ ಬರಲಿಲ್ಲ?

ಕೊಪ್ಪಿಕರ್ ರಸ್ತೆಯ ಕಡೆ ಗ್ರಾಫಿಕ್ಸ್ ಕಾರ್ಡ್ ಹಾಕಿಸಿ, ಪೆಟ್ಟಿಗೆಯನ್ನು ಆಟೋದಲ್ಲಿಟ್ಟುಕೊಂಡು ಕೇಶ್ವಾಪುರಕ್ಕೆ ತಂದಿರಿ ಎಂದುಕೊಳ್ಳಿ. (ಆ ಪೆಟ್ಟಿಗೆಯನ್ನೇ ನಾವೆಲ್ಲ ‘ಸಿಪಿಯು’ ಎನ್ನುತ್ತೇವೆ. ನಿಜವಾದ ಸಿಪಿಯು ಅದರೊಳಗಿನ, ಬಿಸ್ಕತ್ತಿನಷ್ಟು ಚಿಕ್ಕ ಚಿಪ್.) ಅಂಗಡಿಯಲ್ಲಿ ಪರದೆ ಬಂದಿತ್ತು, ಮನೆಯಲ್ಲಿ ಬರುತ್ತಿಲ್ಲ. ಅಂಗಡಿಯವರು ಮೋಸ ಮಾಡಿದರು ಎನ್ನುವ ಮೊದಲು ಪೆಟ್ಟಿಗೆಯ ಹಿಂಭಾಗ ನೋಡಿ. ಮಾನಿಟರ್ ಕೇಬಲ್ ಹಾಕುವ ಜಾಗ ಈಗ ಎರಡು ಕಡೆ ಇದೆ: ಮೇಲೆ ಮದರ್‌ಬೋರ್ಡಿನದು, ಕೆಳಗೆ ಅಡ್ಡವಾಗಿ ಕೂತ ಹೊಸ ಕಾರ್ಡಿನದು. ಹಳೆಯ ಅಭ್ಯಾಸದಂತೆ ಮೇಲೆ ಹಾಕಿದ್ದರೆ ಹಲವು ಯಂತ್ರಗಳಲ್ಲಿ ಪರದೆ ಕಪ್ಪಾಗಿಯೇ ಉಳಿಯುತ್ತದೆ. ಕೇಬಲ್ಲನ್ನು ಕಾರ್ಡಿಗೆ ಹಾಕಿ.

ಇದರ ಉಲ್ಟಾ ಪ್ರಕರಣವೂ ಇದೆ. ಹಳೆಯ ಕಾರ್ಡ್ ತೆಗೆದು ನೇರ ಬೋರ್ಡಿಗೆ ಕೇಬಲ್ ಹಾಕಿದರೆ ಚಿತ್ರ ಬರಬೇಕಾದದ್ದು ಪ್ರೊಸೆಸರ್‌ನಿಂದ. ಇಂಟೆಲ್‌ನ ಐ5 12400ರಲ್ಲಿ ಗ್ರಾಫಿಕ್ಸ್ ಇದೆ, ಹೆಸರಿನ ಕೊನೆಗೆ ‘ಎಫ್’ ಇರುವ 12400ಎಫ್‌ನಲ್ಲಿ ಇಲ್ಲ. ಎಎಂಡಿಯ ರೈಜನ್ 5 5600ರಲ್ಲಿ ಇಲ್ಲ, 5600ಜಿಯಲ್ಲಿ ಇದೆ. ಒಂದೇ ಅಕ್ಷರದ ವ್ಯತ್ಯಾಸ. ಗ್ರಾಫಿಕ್ಸ್ ಇಲ್ಲದ ಪ್ರೊಸೆಸರ್‌ಗೆ ಎಷ್ಟು ಬೋರ್ಡ್ ಬದಲಿಸಿದರೂ ಪರದೆ ಬರದು.

ಕೇಬಲ್ ಸರಿಯಿದ್ದರೆ ದಾರಿಯ ಕುಲುಕಾಟದ ಬಗ್ಗೆ ಯೋಚಿಸಿ. ಭಾರದ ಕಾರ್ಡ್ ಸ್ಲಾಟಿನಿಂದ ಕೂದಲೆಳೆಯಷ್ಟು ಮೇಲೆದ್ದರೂ ಸಾಕು. ಗೋಡೆಯ ಪ್ಲಗ್ ಕಿತ್ತು, ಪವರ್ ಬಟನ್ ಒಂದೆರಡು ಬಾರಿ ಒತ್ತಿ, ಒಳಗಿನ ಲೋಹದ ಚೌಕಟ್ಟನ್ನು ಮುಟ್ಟಿ ಮೈಯ ಸ್ಥಿರ ವಿದ್ಯುತ್ ಬಿಟ್ಟುಕೊಟ್ಟ ಮೇಲೆ ಕಾರ್ಡನ್ನು ತೆಗೆದು ಮತ್ತೆ ಕೂರಿಸಿ. ನಮ್ಮ ಕಡೆಯ ಒಣ ಚಳಿಗಾಲದಲ್ಲಿ ಈ ಮುಟ್ಟುವ ಕೆಲಸ ಮರೆಯಬೇಡಿ. ಸ್ಲಾಟಿನಿಂದ ಕಾರ್ಡಿಗೆ ಸಿಗುವುದು ಹೆಚ್ಚೆಂದರೆ 75 ವಾಟ್. ದೊಡ್ಡ ಕಾರ್ಡುಗಳಿಗೆ 6 ಅಥವಾ 8 ಪಿನ್ನಿನ ಪ್ರತ್ಯೇಕ ವೈರ್ ಬೇಕು. ಹಾಗೆಯೇ ಬೋರ್ಡಿನ ಮೇಲೆ ಪ್ರೊಸೆಸರ್ ಪಕ್ಕ 4 ಅಥವಾ 8 ಪಿನ್ನಿನ ಇನ್ನೊಂದು ವೈರ್ ಇರುತ್ತದೆ. ಅದು ಕಳಚಿದ್ದರೆ ಫ್ಯಾನ್ ತಿರುಗುತ್ತದೆ, ಪರದೆ ಬರುವುದಿಲ್ಲ. ‘ಬೋರ್ಡ್ ಸುಟ್ಟಿದೆ’ ಎನ್ನುವ ಅದೇ ಲಕ್ಷಣ!

ರಬ್ಬರ್ ಉಜ್ಜಿದರೆ ಏಕೆ ಕೆಲಸ ಮಾಡುತ್ತದೆ?

ಎಷ್ಟೋ ಸಲ ಕೆಲಸ ಮಾಡುವುದು ರಬ್ಬರ್ ಅಲ್ಲ, ತೆಗೆದು ಮತ್ತೆ ಕೂರಿಸುವ ಕ್ರಿಯೆ. ಸಂಪರ್ಕದ ಮೇಲಿನ ಧೂಳು, ಪದರ ಅದರಿಂದಲೇ ಸರಿಯುತ್ತದೆ. ರ್‍ಯಾಮಿನ ಹಳದಿ ಪಟ್ಟಿಗಳ ಮೇಲಿರುವುದು ಅತಿ ತೆಳುವಾದ ಚಿನ್ನದ ಲೇಪ. ಪದೇ ಪದೇ ಉಜ್ಜಿದರೆ ಅದೇ ಸವೆಯುತ್ತದೆ, ರಬ್ಬರ್ ಪುಡಿ ಸ್ಲಾಟಿಗೆ ಬೀಳುತ್ತದೆ. ಒಣಗಿದ ಮೆತ್ತನೆಯ ಬಟ್ಟೆ ಸಾಕು, ಕಲೆ ಇದ್ದರೆ ಐಸೊಪ್ರೊಪೈಲ್ ಆಲ್ಕೋಹಾಲ್.

ಎರಡು ರ್‍ಯಾಮ್ ಇದ್ದರೆ ಒಂದನ್ನೇ ಹಾಕಿ ನೋಡಿ, ಆಮೇಲೆ ಇನ್ನೊಂದನ್ನು, ಆಮೇಲೆ ಸ್ಲಾಟ್ ಬದಲಿಸಿ. ಎರಡೂ ತುದಿ ‘ಟಕ್’ ಎನ್ನಬೇಕು. ಕೂರದಿದ್ದರೆ ಒತ್ತಡ ಹಾಕಬೇಡಿ: ಡಿಡಿಆರ್ 4, ಡಿಡಿಆರ್ 5 ಎರಡಕ್ಕೂ 288 ಪಿನ್ ಇದ್ದರೂ ಕಚ್ಚಿನ ಜಾಗ ಬೇರೆ, ಒಂದರಲ್ಲಿ ಇನ್ನೊಂದು ಹೋಗದು. ಡಿಡಿಆರ್ 5 ಹೊಸದಾಗಿ ಹಾಕಿದ್ದರೆ ತಾಳ್ಮೆಯೂ ಬೇಕು. ಮೊದಲ ಬಾರಿ ಬೋರ್ಡ್ ಆ ರ್‍ಯಾಮಿಗೆ ಹೊಂದಿಕೊಳ್ಳಲು ಕೆಲವು ನಿಮಿಷ ತೆಗೆದುಕೊಳ್ಳಬಹುದು, ಆಗೆಲ್ಲ ಪರದೆ ಕಪ್ಪು. ಗಾಬರಿಯಾಗಿ ಮಧ್ಯದಲ್ಲೇ ಆಫ್ ಮಾಡಿದರೆ ಮತ್ತೆ ಮೊದಲಿನಿಂದ ಶುರು.

ಬೀಪ್ ಶಬ್ದದ ಪಟ್ಟಿ ನಂಬಬಹುದೇ?

1981ರ ಐಬಿಎಂ ಪಿಸಿಯಲ್ಲಿ ಒಂದು ಚಿಕ್ಕ ಬೀಪ್ ಬಂದರೆ ಎಲ್ಲ ಸರಿ ಎಂದರ್ಥ. ಆದರೆ ಈ ಸಂಕೇತಗಳು ಬಯೋಸ್ ಕಂಪನಿಯಿಂದ ಕಂಪನಿಗೆ ಬದಲಾಗುತ್ತವೆ, ಎಲ್ಲ ಯಂತ್ರಕ್ಕೂ ಒಂದೇ ಪಟ್ಟಿ ಇಲ್ಲ. ಈಗಿನ ಹಲವು ಬೋರ್ಡುಗಳಲ್ಲಿ ಸ್ಪೀಕರ್ರೇ ಇರುವುದಿಲ್ಲ. ಬದಲಿಗೆ ಸಿಪಿಯು, ಡ್ರ್ಯಾಮ್, ವಿಜಿಎ, ಬೂಟ್ ಎಂಬ ಪುಟ್ಟ ದೀಪಗಳಿದ್ದರೆ ಯಾವುದು ಉರಿದೇ ಇದೆ ನೋಡಿ. ವಿಂಡೋಸ್, ಕಂಟ್ರೋಲ್, ಶಿಫ್ಟ್, ಬಿ ಒಟ್ಟಿಗೆ ಒತ್ತಿ ಎಂಬ ಫಾರ್ವರ್ಡ್ ಸುಳ್ಳಲ್ಲ, ಆದರೆ ಅದು ಗ್ರಾಫಿಕ್ಸ್ ಡ್ರೈವರನ್ನು ಮರುಚಾಲನೆ ಮಾಡುವ ಕೀಲಿ. ವಿಂಡೋಸ್ ಶುರುವೇ ಆಗದ ಯಂತ್ರಕ್ಕೆ ಉಪಯೋಗವಿಲ್ಲ. ಅದಕ್ಕಿಂತ ಕ್ಯಾಪ್ಸ್ ಲಾಕ್ ಒತ್ತಿ: ಅದರ ದೀಪ ಹತ್ತಿ ಆರುತ್ತಿದ್ದರೆ ಯಂತ್ರ ಬದುಕಿದೆ, ತೊಂದರೆ ಚಿತ್ರದ ಕಡೆ ಇರುವ ಸಾಧ್ಯತೆ ಹೆಚ್ಚು.

ಬ್ಯಾಟರಿ ತೆಗೆದರೆ ಫೋಟೋ ಹೋಗುತ್ತವೆಯೇ?

ಇಲ್ಲ. ಬೋರ್ಡಿನ ಮೇಲಿನ ಗುಂಡನೆಯ ಸಿಆರ್2032, 3 ವೋಲ್ಟಿನ ಬ್ಯಾಟರಿ. ಪ್ಲಗ್ ಕಿತ್ತು ಅದನ್ನು ಐದು ನಿಮಿಷ ತೆಗೆದಿಟ್ಟರೆ ಬಯೋಸ್ ಸೆಟ್ಟಿಂಗ್, ದಿನಾಂಕ, ಸಮಯ ಮೊದಲಿನಂತಾಗುತ್ತವೆ. ಫೋಟೋ, ಟ್ಯಾಲಿ ಲೆಕ್ಕ, ಮಕ್ಕಳ ಪ್ರಾಜೆಕ್ಟ್ ಎಲ್ಲ ಇರುವುದು ಹಾರ್ಡ್ ಡಿಸ್ಕ್ ಅಥವಾ ಎಸ್‌ಎಸ್‌ಡಿಯಲ್ಲಿ. ಪರದೆ ಬರದಿದ್ದರೆ ಡೇಟಾ ಹೋಯಿತು ಎಂದಲ್ಲ. ಆದರೆ ಡಿಸ್ಕಿಗೆ ಬಿಟ್‌ಲಾಕರ್ ಬೀಗ ಬಿದ್ದಿದ್ದರೆ, ಬೋರ್ಡ್ ಅಥವಾ ಪ್ರೊಸೆಸರ್ ಬದಲಿಸಿದ ಮೇಲೆ ವಿಂಡೋಸ್ 48 ಅಂಕಿಯ ರಿಕವರಿ ಕೀ ಕೇಳಬಹುದು. ಕೀ ಇಲ್ಲದೆ ಆ ಡಿಸ್ಕ್ ತೆರೆಯುವುದಿಲ್ಲ. ಭಾಗ ಬದಲಿಸುವ ಮುನ್ನವೇ ನಿಮ್ಮ ಮೈಕ್ರೋಸಾಫ್ಟ್ ಖಾತೆಯಲ್ಲಿ ಅದು ಇದೆಯೇ ಎಂದು ನೋಡಿ, ಕಾಗದದಲ್ಲಿ ಬರೆದಿಡಿ.

ಒಂದನ್ನು ಮಾತ್ರ ಮನೆಯಲ್ಲಿ ಬಿಚ್ಚಬೇಡಿ: ವೈರುಗಳು ಹೊರಬರುವ ಲೋಹದ ಪವರ್ ಸಪ್ಲೈ ಡಬ್ಬಿ. ನಮ್ಮ 230 ವೋಲ್ಟಿನ ಕರೆಂಟು ಅದರೊಳಗಿನ ಕೆಪ್ಯಾಸಿಟರಿನಲ್ಲಿ 300 ವೋಲ್ಟಿಗೂ ಮೀರಿ ನಿಲ್ಲುತ್ತದೆ, ಪ್ಲಗ್ ಕಿತ್ತ ಮೇಲೂ ಸ್ವಲ್ಪ ಹೊತ್ತು ಉಳಿಯಬಹುದು.

ಇಷ್ಟಾದರೂ ಬರದಿದ್ದರೆ ಹೊಸ ಭಾಗ ತೆಗೆದು ಹಳೆಯದನ್ನೇ ಹಾಕಿ. ಪರದೆ ಬಂದರೆ ಬೋರ್ಡ್ ಸತ್ತಿಲ್ಲ, ಹೊಸ ಭಾಗ ಕೆಟ್ಟಿದೆ ಅಥವಾ ಹೊಂದುತ್ತಿಲ್ಲ. ಹೊಸ ಪ್ರೊಸೆಸರ್ ಆಗಿದ್ದರೆ ಬಯೋಸ್ ಅಪ್‌ಡೇಟ್ ಬೇಕಿರಬಹುದು. ಹಳೆಯದರಲ್ಲೂ ಬರದಿದ್ದರೆ ರಿಪೇರಿಗೆ ಒಯ್ಯಿರಿ. ಬೋರ್ಡ್ ಹೋಗಿದೆ ಎಂದರೆ ನಿಮ್ಮದೇ ರ್‍ಯಾಮ್, ಪ್ರೊಸೆಸರನ್ನು ಹೊಂದುವ ಇನ್ನೊಂದು ಬೋರ್ಡಿಗೆ ನಿಮ್ಮೆದುರೇ ಹಾಕಿ ತೋರಿಸಲು ಕೇಳಿ.