ಮೇಫ್ಲೈ: ನೀರಿನಡಿಯ ಬಾಳು

ಮೇಫ್ಲೈ ಒಂದೇ ದಿನ ಬದುಕುವ ಕೀಟವೆಂದು ಹೆಚ್ಚಿನವರ ನಂಬಿಕೆ. ಆದರೆ ಅದರ ಬಾಳಿನ ಬಹುಪಾಲು ಕಳೆಯುವುದು ನೀರಿನಡಿಯಲ್ಲಿ. ಮರಿಹುಳುವನ್ನು ಭೂತಗನ್ನಡಿಯಲ್ಲಿ ನೋಡಿ: ಹೊಟ್ಟೆಯ ಎರಡೂ ಬದಿಗೆ ಎಲೆಯಂಥ ಕಿವಿರು, ಹಿಂದೆ ಎರಡೋ ಮೂರೋ ಎಳೆಬಾಲ, ಪಾಚಿ ಕೆರೆದು ತಿನ್ನುವ ಬಾಯಿ. ವಾರಗಟ್ಟಲೆ, ತಂಪು ದೇಶಗಳಲ್ಲಿ ವರ್ಷಕ್ಕೂ ಮೀರಿ, ಅದು ಪೊರೆ ಕಳಚುತ್ತ ಬೆಳೆಯುತ್ತದೆ. ಹಾರಲು ಬಂದ ಮೇಲೂ ಇನ್ನೊಮ್ಮೆ ಪೊರೆ ಬಿಡುತ್ತದೆ. ಇಂದಿರುವ ಬೇರಾವ ಕೀಟವೂ ಹೀಗೆ ಮಾಡುವುದಿಲ್ಲ. ಬೆಳೆದ ಕೀಟಕ್ಕೆ ಉಣ್ಣಬಲ್ಲ ಬಾಯಿಯೇ ಇಲ್ಲ, ಕರುಳಲ್ಲಿ ಬರೀ ಗಾಳಿ. ಏರೋಪ್ಲೇನ್ ಚಿಟ್ಟೆಯ ಮರಿಯೂ ನೀರಲ್ಲೇ ಬೆಳೆಯುತ್ತದಲ್ಲ ಎಂದು ಕೇಳಬಹುದು. ನಿಜ, ಆದರೆ ಅದು ಹಾರುತ್ತ ಬೇಟೆಯಾಡಿ ಹೊಟ್ಟೆ ಹೊರೆಯುತ್ತದೆ. ಮೇಫ್ಲೈಗೆ ರೆಕ್ಕೆ ಇರುವುದು ಕೂಡಿ ಮೊಟ್ಟೆಯಿಡಲು ಮಾತ್ರ.

ಹಾಗಿದ್ದರೆ ಮಾರಿಕಣಿವೆ ಅಣೆಕಟ್ಟೆಯ ಹಿಂದಿನ ದೊಡ್ಡ ಜಲಾಶಯ ಅದಕ್ಕೆ ವರವಲ್ಲವೇ? ಎಲ್ಲ ಜಾತಿಗೂ ಅಲ್ಲ. 1907ರಲ್ಲಿ ಮುಗಿದ ಈ ಅಣೆಕಟ್ಟೆ ವೇದಾವತಿ ನದಿಯ ಹರಿವನ್ನು ನಿಲ್ಲಿಸಿತು. ನಿಂತ ನೀರು ಕ್ಲೋಯಾನ್ ಕುಲಕ್ಕೆ ಒಗ್ಗುತ್ತದೆ. ಹರಿವಿನಲ್ಲಿ ಕಲ್ಲಿಗೆ ಅಂಟಿ ಬಾಳುವ ಚಪ್ಪಟೆ ಮೈಯ ಜಾತಿಗಳಿಗೆ ಒಗ್ಗದು. ಮೇಲಾಗಿ, 1933ರಲ್ಲಿ ಕೋಡಿ ಬಿದ್ದ ಮಾರಿಕಣಿವೆ ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ. ನೀರು ಹಿಂದೆ ಸರಿದಾಗಲೆಲ್ಲ ದಡದ ಪಾಚಿ ಒಣಗಿ, ಅಲ್ಲಿನ ಮರಿಹುಳುಗಳ ನೆಲೆಯೂ ಹೋಗುತ್ತದೆ.