ಮಣೆ, ಕಾಯಿ ಮತ್ತು ಪಣ

ಬೇಲೂರಿನ ಚೆನ್ನಕೇಶವ ದೇವಾಲಯವನ್ನು ಕುರಿತು ಬರೆದವರು 1117ರಲ್ಲಿ ಅದನ್ನು ಪ್ರತಿಷ್ಠಾಪಿಸಿದ ವಿಷ್ಣುವರ್ಧನನ ವೈಭವವನ್ನೂ, ಮದನಿಕೆಗಳ ಪೀಠದಲ್ಲಿ ತಮ್ಮ ಹೆಸರುಗಳನ್ನು ಕಂಡರಿಸಿ ಹೋದ ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ಮೊದಲಾದ ರೂವಾರಿಗಳ ಕೌಶಲವನ್ನೂ ಮನದಣಿಯೆ ಕೊಂಡಾಡಿದ್ದಾರೆ. ಅದು ಸಲ್ಲತಕ್ಕ ಸ್ತುತಿಯೇ. ಆದರೆ ಈ ಸೀಮೆಯ ಸಾಮಾನ್ಯ ಜನರು ಬಿಡುವಿನ ಹೊತ್ತನ್ನು ಯಾವ ಆಟಗಳಲ್ಲಿ ಕಳೆಯುತ್ತಿದ್ದರು, ಆ ಆಟಗಳು ಎಷ್ಟು ಕಠಿನವಾಗಿದ್ದುವು, ಅವುಗಳಿಗಾಗಿ ಅವರು ಏನನ್ನು ತೆರುತ್ತಿದ್ದರು ಎಂದು ವಿಚಾರಿಸಿದವರು ವಿರಳ. ವಿಡಿಯೋ ಗೇಮುಗಳ ಬೆಲೆ ವರುಷದಿಂದ ವರುಷಕ್ಕೆ ಏರುತ್ತಿರುವುದನ್ನೂ, ಅವುಗಳಲ್ಲಿ ಕೆಲವು ಗೆಲ್ಲಲಾಗದಷ್ಟು ಕಠಿನವಾಗಿ, ಕೆಲವು ಆಡಲೇಬೇಕಾಗದಷ್ಟು ಸುಲಭವಾಗಿ ಪರಿಣಮಿಸಿರುವುದನ್ನೂ ಕುರಿತು ತರುಣರು ವಾದಿಸುತ್ತಿರುವ ಈ ಕಾಲದಲ್ಲಿ ಆ ಪ್ರಶ್ನೆಯನ್ನೆತ್ತುವುದು ಅಪ್ರಸ್ತುತವಲ್ಲ. ಏಕೆಂದರೆ ಕಾಠಿನ್ಯಕ್ಕೂ ಬೆಲೆಗೂ ಇರುವ ಸಂಬಂಧವು ಯಂತ್ರದೊಡನೆ ಹುಟ್ಟಿದುದಲ್ಲ, ಅದಕ್ಕೆ ದೀರ್ಘವಾದ ಪೂರ್ವಚರಿತ್ರೆಯುಂಟು.

ಬೇಲೂರಿನ ಪ್ರತಿಷ್ಠೆಯಾಗಿ ಹತ್ತು ಹನ್ನೆರಡು ವರುಷಗಳಲ್ಲಿ, ದೋರಸಮುದ್ರದಲ್ಲಿ ಹೊಯ್ಸಳೇಶ್ವರನ ಗುಡಿ ಮೇಲೇಳುತ್ತಿದ್ದ ಕಾಲಕ್ಕೆ, ಹೊಯ್ಸಳರು ಆಗಲೂ ಹೆಸರಿಗೆ ಅಧೀನರಾಗಿದ್ದ ಕಲ್ಯಾಣದ ಚಾಲುಕ್ಯರ ಅರಮನೆಯಲ್ಲಿ ಮೂರನೆಯ ಸೋಮೇಶ್ವರನು ‘ಮಾನಸೋಲ್ಲಾಸ’ವನ್ನು ರಚಿಸಿದನು. ನೂರು ಅಧ್ಯಾಯಗಳ ಆ ಸಂಸ್ಕೃತ ಗ್ರಂಥದ ಕೊನೆಯ ಇಪ್ಪತ್ತು ಅಧ್ಯಾಯಗಳು ಕ್ರೀಡೆಗೆ ಮೀಸಲು. ಜಲಕ್ರೀಡೆ, ವನಕ್ರೀಡೆಗಳ ಸಾಲಿನಲ್ಲಿಯೇ ಚತುರಂಗ, ಪಗಡೆ, ಕವಡೆಯಾಟಗಳಿಗೂ ಸ್ಥಾನ ದೊರೆತಿದೆ. ದಂಡನೀತಿಯನ್ನು ಬರೆದ ಲೇಖನಿಯಿಂದಲೇ ಕವಡೆಯಾಟದ ಕ್ರಮವನ್ನೂ ಬರೆಯುವುದು ತನ್ನ ಪದವಿಗೆ ಕುಂದೆಂದು ಆ ದೊರೆಗೆ ತೋರಲಿಲ್ಲ. ಆಟವನ್ನು ಶಾಸ್ತ್ರದ ಪಂಕ್ತಿಯಲ್ಲಿ ಕೂರಿಸಿದ ಈ ಮನೋಧರ್ಮವು ಏಳು ಶತಮಾನಗಳ ಮೇಲೆ ಮೈಸೂರಿನಲ್ಲಿ ಮತ್ತೊಮ್ಮೆ ಮೂಡಿತೆಂಬುದನ್ನು ಮುಂದೆ ನೋಡುವೆವು.

ಅರಮನೆಯಲ್ಲಿ ದಂತದ ಕಾಯಿಗಳೂ ಕಸೂತಿಯ ಪಗಡೆಹಾಸುಗಳೂ ಇದ್ದಿರಬಹುದು. ಊರಿನ ಜಗಲಿಗೆ ಅವುಗಳ ಅಗತ್ಯವೇ ಇರಲಿಲ್ಲ. ಸೀಮೆಸುಣ್ಣದಿಂದಲೋ ಇದ್ದಿಲಿನಿಂದಲೋ ನೆಲದ ಮೇಲೆ ನಾಲ್ಕು ಗೆರೆ ಎಳೆದರೆ ಮನೆಗಳು ಸಿದ್ಧ. ಹಂಪೆಯ ಬಂಡೆಗಳ ಮೇಲೂ ಮಂಟಪಗಳ ಕಲ್ಲುಹಾಸಿನ ಮೇಲೂ ಇಂಥ ಗೆರೆಗಳನ್ನು ಉಳಿಯಿಂದ ಕೊರೆದಿರುವುದನ್ನು ಇಂದಿಗೂ ಕಾಣಬಹುದು. ಕವಡೆ ಇಲ್ಲದವರು ಹುಣಸೆಬೀಜವನ್ನು ಎರಡು ಹೋಳುಮಾಡಿ, ಒಳಮೈಯನ್ನು ಕಲ್ಲಿಗೆ ತೇದು ಬೆಳ್ಳಗೆ ಮಾಡಿಕೊಂಡರೆ ಅದೇ ದಾಳ. ಬಳೆಚೂರು, ಹರಳು, ಮುರಿದ ಕಡ್ಡಿ ಇವೇ ಕಾಯಿಗಳು. ಮದನಿಕೆಯನ್ನು ಕಡೆದವನ ಹೆಸರು ಕಲ್ಲಿನಲ್ಲಿ ಉಳಿಯಿತು. ಹುಲಿಯಾಟವನ್ನು ಕಲ್ಪಿಸಿದವನ ಹೆಸರು ಎಲ್ಲಿಯೂ ಉಳಿಯಲಿಲ್ಲ. ಕರ್ತೃವಿಲ್ಲದ ಆ ಕೃತಿಗೆ ಒಡೆಯನೂ ಇರಲಿಲ್ಲ, ಒಡೆಯನಿಲ್ಲದ ವಸ್ತುವಿಗೆ ಬೆಲೆಯನ್ನು ಕಟ್ಟುವವರೂ ಇರಲಿಲ್ಲ.

ಬೆಲೆಯಿಲ್ಲದ ಈ ಆಟಗಳು ಬುದ್ಧಿಯಿಲ್ಲದ ಆಟಗಳೆಂದು ಭಾವಿಸುವುದು ಅವಿಚಾರ. ಹಾಸನ, ಮೈಸೂರು ಸೀಮೆಗಳ ಮನೆಮನೆಯಲ್ಲಿಯೂ ಆಡುತ್ತಿದ್ದ ಚೌಕಾಬಾರವನ್ನೇ ಪರಿಶೀಲಿಸೋಣ. ಐದೈದು ಮನೆಗಳ ಚೌಕ, ನಾಲ್ಕು ದಿಕ್ಕಿನಲ್ಲಿ ನಾಲ್ವರು, ಒಬ್ಬೊಬ್ಬರಿಗೆ ನಾಲ್ಕು ಕಾಯಿ, ನಾಲ್ಕು ಕವಡೆ. ನಾಲ್ಕೂ ಅಂಗಾತ ಬಿದ್ದರೆ ಚೌಕ, ನಾಲ್ಕೂ ಕವುಚಿ ಬಿದ್ದರೆ ಎಂಟೆಣಿಕೆಯ ಬಾರ. ಎರಡಕ್ಕೂ ಮತ್ತೊಂದು ಆಟ ದಕ್ಕುತ್ತದೆ. ಕವಡೆಯ ಎರಡು ಮೈಗೂ ಸಮಾನ ಸಂಭವವೆಂದು ಎಣಿಸಿದರೆ, ಹದಿನಾರು ಸಲಕ್ಕೆ ಎರಡು ಸಲ ಮಾತ್ರ ಈ ಭಾಗ್ಯ. ಕಟ್ಟೆಯ ಮನೆಯಲ್ಲಿ ಕುಳಿತ ಕಾಯನ್ನು ಹೊಡೆಯುವಂತಿಲ್ಲ. ಆದರೆ ಭೀರುವಾಗಿ ಕಟ್ಟೆಯಿಂದ ಕಟ್ಟೆಗೆ ನುಸುಳಿ ಹಣ್ಣುಮಾಡಿಕೊಳ್ಳುವೆನೆಂದರೆ ಅದಕ್ಕೂ ಅವಕಾಶವಿಲ್ಲ. ಎದುರಾಳಿಯ ಒಂದು ಕಾಯನ್ನಾದರೂ ಹೊಡೆಯದೆ ಒಳಸುತ್ತಿಗೆ ಪ್ರವೇಶವಿಲ್ಲವೆಂಬುದು ನಿಯಮ. ಅದೃಷ್ಟವು ಬಾಲಕನನ್ನೂ ಗೆಲ್ಲಿಸಬಲ್ಲದಾದ್ದರಿಂದ ಅವನು ನಿರಾಶನಾಗನು. ಯಾವ ಕಾಯನ್ನು ನಡೆಸಬೇಕೆಂಬ ವಿವೇಚನೆಯು ಆಡುವವನದೇ ಆದ್ದರಿಂದ ಪ್ರೌಢನಿಗೂ ಬೇಸರವಾಗದು. ಅಜ್ಜಿಯೂ ಮೊಮ್ಮಗನೂ ಒಂದೇ ಮಣೆಯ ಎದುರು ಕುಳಿತು ಇಬ್ಬರೂ ಮನಃಪೂರ್ವಕವಾಗಿ ಆಡಬಲ್ಲ ಇಂಥ ವ್ಯವಸ್ಥೆಯನ್ನು ಸಾಧಿಸುವುದು ಇಂದಿನ ಕುಶಲ ವಿನ್ಯಾಸಕಾರರಿಗೂ ಸುಲಭಸಾಧ್ಯವಲ್ಲ.

ಹುಲಿ–ಕುರಿಯಾಟದ ಉಪಾಯ ಬೇರೆ. ತ್ರಿಕೋಣದ ಮನೆಯಲ್ಲಿ ಇಪ್ಪತ್ತಮೂರು ಸಂಧಿಗಳು. ಒಬ್ಬನಿಗೆ ಮೂರು ಹುಲಿ, ಮತ್ತೊಬ್ಬನಿಗೆ ಹದಿನೈದು ಕುರಿ. ಹುಲಿ ಕುರಿಯನ್ನು ಹಾರಿ ತಿನ್ನುತ್ತದೆ. ಕುರಿಗಳು ಒಗ್ಗಟ್ಟಾಗಿ ಹುಲಿಯನ್ನು ಕಟ್ಟಬೇಕು. ಇಬ್ಬರ ಬಲವೂ ವಿಷಮ, ಇಬ್ಬರ ಗುರಿಯೂ ಭಿನ್ನ. ಒಂದು ತಪ್ಪು ನಡೆಗೆ ಒಂದು ಕುರಿಯನ್ನು ತೆರಬೇಕಾದುದರಿಂದ ಕುರಿ ಕಾಯುವವನಿಗೇ ಹೆಚ್ಚಿನ ಎಚ್ಚರ ಬೇಕು. ಹೊಸಬನಿಗೆ ಹುಲಿಯನ್ನು ಕೊಟ್ಟು ಅನುಭವಿಯು ಕುರಿಯನ್ನು ಹಿಡಿದನೆಂದರೆ, ಸುಲಭ–ಕಠಿನಗಳ ನಿರ್ಣಯವು ಆಟ ಆರಂಭವಾಗುವ ಮುನ್ನವೇ ಸೌಜನ್ಯದಿಂದ ತೀರ್ಮಾನವಾಯಿತು. ಅಳಗುಳಿಮಣೆಯಾದರೋ ಇಷ್ಟು ದಯಾಪರವಲ್ಲ. ಎರಡು ಸಾಲಿನಲ್ಲಿ ಏಳೇಳು ಗುಳಿಗಳು. ಗುಳಿಗೆ ಐದರಂತೆ ಎಪ್ಪತ್ತು ಬೀಜ. ಒಂದು ಆಟದಲ್ಲಿ ಸೋತವನು ತನಗುಳಿದ ಬೀಜದಿಂದ ತುಂಬುವಷ್ಟು ಗುಳಿಗಳನ್ನು ಮಾತ್ರ ಇಟ್ಟುಕೊಂಡು ಮುಂದಿನ ಆಟಕ್ಕೆ ಇಳಿಯಬೇಕು, ಮಿಕ್ಕವು ಮುಚ್ಚಿಹೋದಂತೆ. ಬಡವನ ದಾರಿ ಇನ್ನಷ್ಟು ಇಕ್ಕಟ್ಟಾಗುವ ಲೋಕದ ನಡೆಯನ್ನು ಈ ನಿಯಮವು ಮರೆಮಾಚದೆ ತೋರಿಸುತ್ತದೆ. ಘಟ್ಟದ ಕೆಳಗೆ ತುಳುನಾಡಿನಲ್ಲಿ ಇದರ ಬಂಧುವಾದ ಚೆನ್ನೆಮಣೆಯನ್ನು ಆಡುವಾಗ ಕಲಹ ಹುಟ್ಟಿ ಅಬ್ಬಗ–ದಾರಗರೆಂಬ ಅವಳಿ ಸೋದರಿಯರು ಪ್ರಾಣ ನೀಗಿದರೆಂದು ಸಿರಿಯ ಪಾಡ್ದನವು ಹಾಡುತ್ತದೆ. ಸೋಲಿನ ಕಹಿಯನ್ನು ನಮ್ಮ ಹಿರಿಯರು ಅರಿಯದವರಲ್ಲ.

ಹಾಗಾದರೆ ಬೆಲೆಯು ಆಟದೊಳಕ್ಕೆ ಯಾವ ಬಾಗಿಲಿನಿಂದ ಬಂದಿತು? ಪಣದ ಬಾಗಿಲಿನಿಂದ. ಯಾಜ್ಞವಲ್ಕ್ಯಸ್ಮೃತಿಯು ದ್ಯೂತಶಾಲೆಯನ್ನು ನಡೆಸುವ ಸಭಿಕನಿಗೆ, ಗೆಲುವಿನ ಮೊತ್ತ ನೂರನ್ನು ಮುಟ್ಟಿದವರಿಂದ ನೂರಕ್ಕೆ ಐದನ್ನೂ, ಉಳಿದವರಿಂದ ನೂರಕ್ಕೆ ಹತ್ತನ್ನೂ ಪಡೆಯುವ ಹಕ್ಕನ್ನು ಕೊಟ್ಟಿದೆ. ಪ್ರತಿಯಾಗಿ ಅವನು ರಾಜಭಾಗವನ್ನು ಒಪ್ಪಿಸಬೇಕು, ಗೆದ್ದವನಿಗೆ ಗೆದ್ದ ಹಣವನ್ನು ವಸೂಲುಮಾಡಿ ಮುಟ್ಟಿಸಬೇಕು. ಆ ಸ್ಮೃತಿಗೆ ‘ಮಿತಾಕ್ಷರಾ’ ವ್ಯಾಖ್ಯಾನವನ್ನು ವಿಜ್ಞಾನೇಶ್ವರನು ಬರೆದದ್ದು ಸೋಮೇಶ್ವರನ ತಂದೆ ಆರನೆಯ ವಿಕ್ರಮಾದಿತ್ಯನ ಆಳ್ವಿಕೆಯಲ್ಲಿ, ಅದೇ ಕಲ್ಯಾಣದಲ್ಲಿ. ಮೈಸೂರಿನ ಪ್ರಾಚ್ಯಕೋಶಾಗಾರಕ್ಕೆ ಬಂದ ಓಲೆಗರಿಯಿಂದ ಆರ್. ಶಾಮಶಾಸ್ತ್ರಿಗಳು 1909ರಲ್ಲಿ ಪ್ರಕಟಿಸಿದ ಕೌಟಿಲ್ಯನ ಅರ್ಥಶಾಸ್ತ್ರವು ಇನ್ನೂ ಸೂಕ್ಷ್ಮವಾಗಿ ಲೆಕ್ಕವಿಡುತ್ತದೆ: ದ್ಯೂತಾಧ್ಯಕ್ಷನು ಗೆಲುವಿನಲ್ಲಿ ನೂರಕ್ಕೆ ಐದನ್ನು ತೆಗೆದುಕೊಳ್ಳಬೇಕು, ಅದಲ್ಲದೆ ದಾಳಕ್ಕೆ ಬಾಡಿಗೆ, ನೀರಿಗೆ, ನೆಲಕ್ಕೆ, ಅನುಮತಿಗೆ ಶುಲ್ಕ. ಆಟದ ಅಂಗಡಿಯ ಒಡೆಯನು ಆಟದಿಂದ ಪಾಲನ್ನು ಪಡೆಯುವ ಪದ್ಧತಿ ಇಂದಿನ ಆ್ಯಪ್ ಅಂಗಡಿಗಳು ಕಂಡುಹಿಡಿದುದಲ್ಲ. ಪಾಲು ಮಾತ್ರ ಐದರಿಂದ ಮೂವತ್ತರವರೆಗೆ ಬೆಳೆದಿದೆ. ಗಮನಾರ್ಹವಾದ ಅಂಶವೇನೆಂದರೆ, ಆ ಶಾಸ್ತ್ರಕಾರರು ಬೆಲೆಯನ್ನು ಪಣದ ಮೇಲೂ ಸಾಧನದ ಮೇಲೂ ವಿಧಿಸಿದರೇ ಹೊರತು ಆಟದ ಕಾಠಿನ್ಯದ ಮೇಲೆ ವಿಧಿಸಲಿಲ್ಲ; ಸುಲಭವಾಗಿ ಗೆಲ್ಲಲು ಕಪಟದ ದಾಳವನ್ನು ಬಳಸುವವನು ಅವರ ದೃಷ್ಟಿಯಲ್ಲಿ ದಂಡಾರ್ಹ.

ಕಾಠಿನ್ಯವನ್ನೇ ಧನದ ಸೋಂಕಿಲ್ಲದೆ ಆರಾಧಿಸಿದವರು ಮೈಸೂರಿನ ದೊರೆ ಮುಮ್ಮಡಿ ಕೃಷ್ಣರಾಜ ಒಡೆಯರು. 1799ರಲ್ಲಿ ಐದು ವರುಷದ ಬಾಲಕನಾಗಿ ಪಟ್ಟವೇರಿದ ಅವರ ಕೈಯಿಂದ 1831ರಲ್ಲಿ ಇಂಗ್ಲಿಷರು ಆಡಳಿತವನ್ನು ಕಿತ್ತುಕೊಂಡರು. 1868ರಲ್ಲಿ ಕಾಲವಾಗುವವರೆಗಿನ ದೀರ್ಘವಾದ ಬಿಡುವನ್ನು ಅವರು ಸಾಹಿತ್ಯಕ್ಕೂ ಕಲೆಗೂ ಆಟಕ್ಕೂ ವಿನಿಯೋಗಿಸಿದರು. ತಮ್ಮ ‘ಶ್ರೀತತ್ತ್ವನಿಧಿ’ ಗ್ರಂಥದ ಕೌತುಕನಿಧಿಯೆಂಬ ಭಾಗದಲ್ಲಿ ಅವರು ವಿವರಿಸಿದ ಗಂಜೀಫಾ ಎಂಬ ಇಸ್ಪೀಟಿನಾಟಗಳಿಗೆ ಮೂವತ್ತಾರು ಎಲೆಗಳಿಂದ ಮುನ್ನೂರರವತ್ತು ಎಲೆಗಳವರೆಗೆ ಬೇಕು, ನಾಡಿನಲ್ಲಿ ರೂಢಿಯಲ್ಲಿದ್ದ ದಶಾವತಾರದ ಕಟ್ಟಿನಲ್ಲಿಯೂ ಇದ್ದುದು ನೂರಿಪ್ಪತ್ತೇ ಎಲೆ. ಚದುರಂಗದ ಕುದುರೆಯು ಅರುವತ್ತನಾಲ್ಕು ಮನೆಗಳನ್ನೂ ಒಂದೊಂದೇ ಸಲ ಮೆಟ್ಟಿ ಬರುವ ಸಮಸ್ಯೆಯಲ್ಲಿ ಅವರಿಗೆ ವಿಶೇಷ ಆಸಕ್ತಿ. ಮೆಟ್ಟಿದ ಕ್ರಮದಲ್ಲಿ ಮನೆಗಳಿಗೆ ಅಂಕಿಯಿಟ್ಟಾಗ ಪ್ರತಿಯೊಂದು ಅಡ್ಡಸಾಲನ್ನೂ ಪ್ರತಿಯೊಂದು ಉದ್ದಸಾಲನ್ನೂ ಕೂಡಿದರೆ 260 ಬರುವಂಥ ರಚನೆಯನ್ನು ಅವರು ಸಾಧಿಸಿದರು. ಮೂಲೆಯಿಂದ ಮೂಲೆಗೆ ಹೋಗುವ ಎರಡು ಕರ್ಣಗಳೂ ಅದೇ ಮೊತ್ತವನ್ನು ಕೊಡುವಂತೆ ಮಾಡಲು ಸಾಧ್ಯವೇ ಎಂಬ ಪ್ರಶ್ನೆ ಬಹುಕಾಲ ಉಳಿದು, 2003ರಲ್ಲಿ ಗಣಕಯಂತ್ರಗಳು ಸುಮಾರು ಎರಡು ತಿಂಗಳು ಎಣಿಸಿದ ಬಳಿಕ, ಅದು ಅಸಾಧ್ಯವೆಂದು ಸ್ಥಿರಪಟ್ಟಿತು. ರಾಜ್ಯವನ್ನು ಕಳೆದುಕೊಂಡ ದೊರೆ ಮುಟ್ಟಿದ ಮಿತಿಯು ಗಣಿತದ ಮಿತಿಯೇ ಆಗಿದ್ದಿತು. ಅದನ್ನು ಅವರು ಮಾರಲಿಲ್ಲ. ಪುಸ್ತಕಗಳಲ್ಲಿ ಬರೆಯಿಸಿದರು, ಜಗನ್ಮೋಹನ ಅರಮನೆಯ ಗೋಡೆಯ ಮೇಲೆ ಆಟದ ಪಟಗಳ ಚಿತ್ರ ಬರೆಸಿದರು.

ಕಾಠಿನ್ಯವು ಪ್ರಥಮವಾಗಿ ಸರಕಾದದ್ದು ನಾಣ್ಯ ನುಂಗುವ ಯಂತ್ರದಲ್ಲಿ. 1978ರಲ್ಲಿ ಜಪಾನಿನ ಟೈಟೊ ಸಂಸ್ಥೆಯ ತೊಮೊಹಿರೊ ನಿಶಿಕಾಡೊ ‘ಸ್ಪೇಸ್ ಇನ್‌ವೇಡರ್ಸ್’ ಎಂಬ ಆಟವನ್ನು ನಿರ್ಮಿಸಿದಾಗ, ಪರದೆಯ ಮೇಲಿನ ಶತ್ರುಗಳ ಸಂಖ್ಯೆ ತಗ್ಗಿದಂತೆಲ್ಲ ಯಂತ್ರದ ಹೊರೆಯೂ ತಗ್ಗಿ, ಉಳಿದವರು ತಾವಾಗಿಯೇ ವೇಗವಾಗಿ ಧಾವಿಸತೊಡಗಿದರು. ಯಂತ್ರದ ದೌರ್ಬಲ್ಯದಿಂದ ಒದಗಿದ ಈ ಪರಿಣಾಮವನ್ನು ಆತ ತಿದ್ದದೆ ಉಳಿಸಿಕೊಂಡನು. ಕ್ರಮೇಣ ಏರುವ ಕಾಠಿನ್ಯ, ಅದರ ಬೆನ್ನಿಗೆ ಸೋಲು, ಸೋಲಿನ ಬೆನ್ನಿಗೆ ಮತ್ತೊಂದು ನಾಣ್ಯ ಎಂಬ ಸರಪಣಿ ಅಲ್ಲಿಂದ ಭದ್ರವಾಯಿತು. ಕೆಲವು ವರುಷಗಳ ಮೇಲೆ ಆಟವು ಮನೆಯ ಟೀವಿಗೆ ಬಂದಾಗ ಕಾರಣ ಬದಲಾಯಿತು, ಕಾಠಿನ್ಯ ಉಳಿಯಿತು. 1985ರ ‘ಸೂಪರ್ ಮಾರಿಯೊ ಬ್ರದರ್ಸ್’ ಎಂಬ ಇಡೀ ಆಟಕ್ಕೆ ದೊರೆತ ಸ್ಥಳ ನಲವತ್ತು ಕಿಲೋಬೈಟು. ಇಷ್ಟು ಕಿರಿದಾದ ಪ್ರಪಂಚವನ್ನು ತಿಂಗಳುಗಟ್ಟಲೆ ಆಡಿಸಬೇಕಾದರೆ ಹೆಜ್ಜೆಹೆಜ್ಜೆಗೂ ಸೋಲಿಸುವುದೊಂದೇ ಮಾರ್ಗ. ತೊಂಬತ್ತರ ದಶಕದಲ್ಲಿ ಟೀವಿ ಗೇಮಿನ ಕ್ಯಾಸೆಟ್ಟು ಹಾಕಿಕೊಂಡು ‘ಕಾಂಟ್ರಾ’ ಆಡಿದ ನಮ್ಮೂರುಗಳ ಹುಡುಗರು ಮೂರು ಜೀವ ಸಾಲದೆ, ಮೂವತ್ತು ಜೀವ ಕೊಡುವ ಗುಂಡಿಗಳ ಸಂಕೇತವನ್ನು ಗುರುಮುಖೇನ ಕಲಿತು ಪ್ರಚಾರಮಾಡಿದರು.

ಬೆಲೆಯೇರಿಕೆಯ ವಿಷಯದಲ್ಲಿ ನ್ಯಾಯವಾದ ಮಾತನ್ನು ಹೇಳಬೇಕು. ಅಮೆರಿಕದಲ್ಲಿ ದೊಡ್ಡ ಆಟಗಳ ಬೆಲೆಯು 2005ರ ಸುಮಾರಿನಿಂದ ಹದಿನೈದು ವರುಷ ಅರುವತ್ತು ಡಾಲರಿನಲ್ಲಿಯೇ ನಿಂತಿದ್ದಿತು; 2020ರಲ್ಲಿ ಎಪ್ಪತ್ತಾಯಿತು, 2025ರಲ್ಲಿ ‘ಮಾರಿಯೊ ಕಾರ್ಟ್ ವರ್ಲ್ಡ್’ ಎಂಬತ್ತಕ್ಕೆ ಏರಿತು. ಹಣದ ಮೌಲ್ಯ ಇಳಿದುದನ್ನೂ, ನೂರಾರು ಜನ ವರುಷಗಟ್ಟಲೆ ದುಡಿದು ಒಂದು ಆಟವನ್ನು ಕಟ್ಟುವುದನ್ನೂ ಗಣಿಸಿದರೆ ಇದರಲ್ಲಿ ವಿಸ್ಮಯವಿಲ್ಲ. ಆದರೆ ಭಾರತದ ಗೃಹಸ್ಥನಿಗೆ ಸಮಾಧಾನವೂ ಇಲ್ಲ. ಒಂದು ಹೊಸ ದೊಡ್ಡ ಆಟಕ್ಕೆ ಸುಮಾರು ಐದು ಸಾವಿರ ರೂಪಾಯಿ. 2021ರ ಫೆಬ್ರವರಿಯಲ್ಲಿ 49,990 ರೂಪಾಯಿಗೆ ಬಂದ ಪ್ಲೇಸ್ಟೇಷನ್ 5 ಯಂತ್ರವು, ಹಳತಾದಂತೆ ಅಗ್ಗವಾಗುವ ಹಿಂದಿನ ವಾಡಿಕೆಯನ್ನು ಮುರಿದು, 2022ರ ನವೆಂಬರಿನಲ್ಲಿ 54,990ಕ್ಕೆ ಏರಿತು. ಆದ್ದರಿಂದ ಸಣ್ಣ ಊರುಗಳ ಬಹುಜನರ ಪಾಲಿಗೆ ಉಳಿದದ್ದು ಫೋನಿನ ಪುಕ್ಕಟೆ ಆಟ. ‘ಕ್ಯಾಂಡಿ ಕ್ರಷ್’ ಐದು ಜೀವಗಳನ್ನು ಕೊಡುತ್ತದೆ. ಅವು ತೀರಿದರೆ ಒಂದೊಂದಕ್ಕೆ ಅರ್ಧ ಗಂಟೆ ಕಾಯಬೇಕು, ಕಾಯಲಾರದವನು ಹಣ ತೆರಬೇಕು. ಹಣಕ್ಕೆ ಸುಲಭದ ದಾಳವನ್ನು ಕೊಡುವ ವ್ಯಾಪಾರವು ಇಲ್ಲಿ ಬಹಿರಂಗವಾಗಿ, ಮರ್ಯಾದೆಯಾಗಿ ನಡೆಯುತ್ತದೆ.

ಪಣವಿಟ್ಟು ಆಡುವ ಆನ್‌ಲೈನ್ ಆಟಗಳ ಮೇಲೆ ರಾಜ್ಯದ ಕಣ್ಣು ಬಿದ್ದಿರುವುದು ನಿಜ. ಕರ್ನಾಟಕವು 2021ರಲ್ಲಿ ವಿಧಿಸಿದ ನಿಷೇಧವನ್ನು ಉಚ್ಚ ನ್ಯಾಯಾಲಯ 2022ರ ಫೆಬ್ರವರಿಯಲ್ಲಿ ರದ್ದುಪಡಿಸಿತು. 2023ರ ಅಕ್ಟೋಬರಿನಿಂದ, ಆಡುವವರು ಪಣಕ್ಕೆ ಕಟ್ಟಿದ ಪೂರ್ಣ ಹಣದ ಮೇಲೆ ಕೇಂದ್ರವು ನೂರಕ್ಕೆ ಇಪ್ಪತ್ತೆಂಟರ ತೆರಿಗೆ ಹಾಕಿತು. 2025ರ ಆಗಸ್ಟಿನಲ್ಲಿ ಸಂಸತ್ತು ಅಂಥ ಆಟಗಳನ್ನೇ ನಿಷೇಧಿಸಿತು. ಆದರೆ ಪಣವಿಲ್ಲದೆ, ಕಾಠಿನ್ಯವನ್ನು ಮಾತ್ರ ಬಿಗಿಮಾಡಿ ಸಡಿಲಿಸಿ ಹಣ ಸೆಳೆಯುವ ಆಟವನ್ನು ಯಾವ ಧರ್ಮಶಾಸ್ತ್ರವೂ ಊಹಿಸಿರಲಿಲ್ಲ, ಇಂದಿನ ಕಾನೂನೂ ಅದನ್ನು ಸ್ಪಷ್ಟವಾಗಿ ಗುರುತಿಸಿಲ್ಲ.

ಆಟವು ಕಠಿನವಾಗಿರುವುದು ದೋಷವಲ್ಲ. ಕಠಿನವಾದುದನ್ನು ಸಾಧಿಸಿದ ಹರ್ಷಕ್ಕಾಗಿಯೇ ಮನುಷ್ಯನು ಆಡುತ್ತಾನೆ. ದುಬಾರಿಯಾಗಿರುವುದೂ ಸ್ವತಃ ದೋಷವಲ್ಲ. ಶ್ರಮಕ್ಕೆ ಮೌಲ್ಯ ಸಲ್ಲಬೇಕು. ವಿಚಾರಿಸಬೇಕಾದುದು ಕಾಠಿನ್ಯವನ್ನು ಏರಿಸಿ ಇಳಿಸುವ ಅಧಿಕಾರವು ಯಾರಲ್ಲಿದೆ ಎಂಬುದನ್ನು. ಜಗಲಿಯ ಮೇಲೆ ಅದು ಆಡುವವರಲ್ಲಿಯೇ ಇದ್ದಿತು: ಮಗುವಿಗೆ ಒಂದು ಆಟ ಬಿಟ್ಟುಕೊಡಬಹುದು, ಒಂದೂರಿನ ನಿಯಮವನ್ನು ಮತ್ತೊಂದೂರಿನಲ್ಲಿ ತಿದ್ದಬಹುದು, ಗೆದ್ದವನ ಕಪಟವನ್ನು ಎದುರಿಗೇ ಕೇಳಬಹುದು. ಇಂದು ಆ ಅಧಿಕಾರವು ಆಡುವವನ ಮುಖವನ್ನು ಕಾಣದ, ಅವನ ಸೋಲಿನಿಂದ ಲಾಭ ಪಡೆಯುವ ದೂರದ ಸಂಸ್ಥೆಗೆ ಹೋಗಿದೆ. ಮೈಸೂರಿನ ರಾಮ್‌ಸನ್ಸ್ ಕಲಾ ಪ್ರತಿಷ್ಠಾನದಂಥವರು ಹಳೆಯ ಮಣೆಗಳನ್ನು ಮರದಲ್ಲಿಯೂ ಬಟ್ಟೆಯಲ್ಲಿಯೂ ಹೊಸದಾಗಿ ಮಾಡಿಸಿ ಪ್ರದರ್ಶಿಸುತ್ತಿರುವುದು ಶ್ಲಾಘ್ಯ. ಆ ಅಂದವಾದ ಮಣೆಗೂ ಈಗ ಬೆಲೆಯುಂಟು. ಆದರೆ ಒಮ್ಮೆ ಕೊಂಡವನು ಮತ್ತಾರಿಗೂ ಏನನ್ನೂ ತೆರಬೇಕಾಗಿಲ್ಲ, ನಿಯಮವನ್ನು ಮನೆಯವರೊಡನೆ ಕೂತು ತಾನೇ ಗೊತ್ತುಮಾಡಬಹುದು. ಹೊಸ ಆಟಗಳನ್ನು ಕಟ್ಟುವ ಬೆಂಗಳೂರಿನ ತರುಣರು ಹಳೆಯ ಮಣೆಯ ಚಿತ್ರವನ್ನು ಪರದೆಗೆ ಎರವಲು ತಂದರೆ ಸಾಲದು; ಈ ಸ್ವಾತಂತ್ರ್ಯವನ್ನೂ ಅದರೊಡನೆ ತಂದರೆ, ಅವರು ಕೇಳುವ ಬೆಲೆಯನ್ನು ಕೊಡಲು ಜನ ಹಿಂಜರಿಯಲಾರರು.